ಗೋಡೆ ಬೀಳುವ ಮುನ್ನ

ಶಿಡ್ಲಘಟ್ಟದ ಒಂದು ಓಣಿ. ಎದುರಿಗೆ ಹಳೆಯ ಮನೆ. ಮಂಗಳೂರು ಹೆಂಚಿನ ಮಾಡು, ಉದ್ದನೆಯ ಜಗುಲಿ, ಜಗುಲಿಯ ಮೇಲೆ ಎರಡು ಮರದ ಕಂಬ, ಗೋಡೆಗೆ ಒರಗಿಸಿಟ್ಟ ಸೈಕಲ್ಲು, ಅದರ ಪಕ್ಕದಲ್ಲಿ ಖಾಲಿ ಬುಟ್ಟಿಗಳು. ಹಿತ್ತಲ ಕಡೆಯಿಂದ ರೀಲಿಂಗ್ ಒಲೆಯ ಹೊಗೆ ಬರುತ್ತಿತ್ತು. ಅದರೊಂದಿಗೆ ಬಿಸಿನೀರಿನಲ್ಲಿ ಬೇಯುವ ರೇಷ್ಮೆಗೂಡಿನ ವಾಸನೆ. ನಾವು ಎದುರುಮನೆಯ ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಆ ಮನೆಯ ಚಿತ್ರ ಬರೆಯುತ್ತಿದ್ದೆವು. ಪಕ್ಕದಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ಗೆಳೆಯರು. ಕಥೆ ಬರೆಯುವ ನಮಗೆ ಈ ವಯಸ್ಸಿನಲ್ಲಿ ಬಣ್ಣದ ಹುಚ್ಚು ಹಿಡಿಸಿದವರು ಅವರೇ.

ಒಳಗಿನಿಂದ ಹಿರಿಯರೊಬ್ಬರು ಹೊರಬಂದರು. ಕೈ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಕಂಬದ ಎತ್ತರವನ್ನು ನಾವು ಅಂದಾಜು ಮಾಡುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಕ್ಯಾ ಬಾ, ಮುನ್ಸಿಪಾಲ್ಟಿ ಸೇ ಆಯೇ ಕ್ಯಾ? ರಸ್ತಾ ಚೌಡಾ ಕರ್ತೈಂ ಕ್ಯಾ?"

ಪುರಸಭೆಯಿಂದ ಬಂದವರಲ್ಲ, ರಸ್ತೆ ಅಗಲ ಮಾಡುವವರೂ ಅಲ್ಲ, ಮನೆ ಚೆನ್ನಾಗಿದೆ ಎಂದು ಚಿತ್ರ ಬರೆಯುತ್ತಿದ್ದೇವೆ ಚಾಚಾ ಎಂದೆವು. ಅವರು ನಂಬಲಿಲ್ಲ. "ಘರ್ ಅಚ್ಛಾ ಹೈ ಬೋಲ್‌ಕೋ ಕೋಯೀ ಆತಾ ಕ್ಯಾ?" ಎಂದರು. ಮನೆ ಚೆನ್ನಾಗಿದೆ ಎಂದು ಹೇಳಿಕೊಂಡು ಯಾರಾದರೂ ಬರುತ್ತಾರೆಯೇ?

ನಾವು ನಕ್ಕೆವು. ಆದರೆ ಊರಿಗೆ ಹಿಂದಿರುಗುವಾಗ ಬಸ್ಸಿನಲ್ಲಿ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಒಬ್ಬ ಅಪರಿಚಿತ ಒಂದು ಕಟ್ಟಡವನ್ನು ದಿಟ್ಟಿಸಿ ನೋಡಿ, ಅಳೆದು, ಕಾಗದದ ಮೇಲೆ ಇಳಿಸಿಕೊಳ್ಳುತ್ತಿದ್ದಾನೆ ಎಂದರೆ ಅದು ಬೀಳುವ ಕಾಲ ಬಂತು ಎಂದೇ ಅರ್ಥ ಎನ್ನುವ ಆ ಭಯ ಎಲ್ಲಿಂದ ಬಂತು? ನಮ್ಮ ಸೀಮೆಯ ಚರಿತ್ರೆಯನ್ನು ತಿರುವಿ ನೋಡಿದರೆ ಚಾಚಾ ಅವರ ಅನುಮಾನಕ್ಕೆ ಎರಡು ಶತಮಾನಗಳಿಗೂ ಮೀರಿದ ಆಧಾರವಿದೆ.

ಫಿರಂಗಿಯ ಪಕ್ಕದಲ್ಲಿ ಬಣ್ಣದ ಪೆಟ್ಟಿಗೆ

1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನನ ರಾಜ್ಯದೊಳಕ್ಕೆ ನುಗ್ಗಿತು. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಬಿತ್ತು. ಅನಂತರ ಇಂದಿನ ನಮ್ಮ ಜಿಲ್ಲೆಯ ಬೆಟ್ಟದ ಕೋಟೆಗಳ ಸರದಿ. ಚಿಂತಾಮಣಿ ಕಡೆಯ ರಹಮಾನ್‌ಗಡ ಮೊದಲು ಹೋಯಿತು. ಬಳಿಕ ಮೇಜರ್ ಗೌಡಿ ಎಂಬ ಅಧಿಕಾರಿಯ ಪಡೆ ನಂದಿದುರ್ಗವನ್ನು ಮುತ್ತಿತು. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಬೆಟ್ಟ ಅದು. ಹೆಚ್ಚು ಕಡೆಗಳಲ್ಲಿ ಕಡಿದಾದ ಬಂಡೆ. ಹತ್ತಬಹುದಾದ ಕಡೆ ಮಾತ್ರ ಎರಡು ಸುತ್ತಿನ ಗೋಡೆ. ಆನೆಗಳಿಂದಲೂ ಆಳುಗಳಿಂದಲೂ ಫಿರಂಗಿಗಳನ್ನು ಮೇಲಕ್ಕೆ ಎಳೆಸಿ, ಗೋಡೆಯನ್ನು ಒಡೆದು, ಅಕ್ಟೋಬರ್ 18ರ ರಾತ್ರಿ ಕಳೆದು 19 ಬೆಳಗಾಗುವಷ್ಟರಲ್ಲಿ ಅವರು ಕೋಟೆಯನ್ನು ಹಿಡಿದರು.

ಈ ಕಥೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಅದೇ ಸೈನ್ಯದೊಂದಿಗೆ ಇನ್ನೊಂದು ಸಾಮಗ್ರಿಯೂ ಬಂದಿತ್ತು: ಕಾಗದ, ಪೆನ್ನು, ಬಣ್ಣದ ಪೆಟ್ಟಿಗೆ. ರಾಬರ್ಟ್ ಹೋಮ್ ಎಂಬ ವೃತ್ತಿಪರ ಚಿತ್ರಕಾರ 1791ರಲ್ಲಿ ಮದರಾಸಿಗೆ ಬಂದಿಳಿದು ಕಾರ್ನ್‌ವಾಲಿಸನ ಸೈನ್ಯವನ್ನು ಸೇರಿಕೊಂಡ. ಅವನ ಮೈಸೂರು ಚಿತ್ರಗಳ ಪುಸ್ತಕ 1794ರಲ್ಲಿ ಪ್ರಕಟವಾಯಿತು. ಅಲೆಕ್ಸಾಂಡರ್ ಅಲನ್, ಸರ್ವೇ ಅಧಿಕಾರಿ ರಾಬರ್ಟ್ ಹೈಡ್ ಕೋಲ್‌ಬ್ರೂಕ್, ಫಿರಂಗಿ ದಳದ ಜೇಮ್ಸ್ ಹಂಟರ್ ಇವರೆಲ್ಲ ಸೈನಿಕರು. ಇವರೂ ಬರೆದರು. ಹಂಟರ್ 1792ರಲ್ಲಿಯೇ ತೀರಿಕೊಂಡ. ಅವನ ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾದದ್ದು 1804-05ರಲ್ಲಿ.

ಸೈನಿಕರಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಆಗಿನ್ನೂ ಕ್ಯಾಮೆರಾ ಇರಲಿಲ್ಲ. ಶತ್ರುವಿನ ಕೋಟೆ ಎಷ್ಟು ಎತ್ತರ, ಗೋಡೆ ಎಲ್ಲಿ ತಗ್ಗು, ದಾರಿ ಎಲ್ಲಿ ತಿರುಗುತ್ತದೆ ಎಂದು ಮೇಲಧಿಕಾರಿಗೆ ತಿಳಿಸಲು ಚಿತ್ರವೇ ಬೇಕಾಗಿತ್ತು. ಅದಕ್ಕಾಗಿಯೇ ಇಂಗ್ಲೆಂಡಿನ ವೂಲಿಚ್ ಸೈನಿಕ ಶಾಲೆಯಲ್ಲಿ ಫಿರಂಗಿ ದಳದ ಹುಡುಗರಿಗೆ ಡ್ರಾಯಿಂಗ್ ಒಂದು ಪಾಠವಾಗಿತ್ತು. 1768ರಿಂದ ಮೂರು ದಶಕಗಳ ಕಾಲ ಅಲ್ಲಿನ ಮುಖ್ಯ ಡ್ರಾಯಿಂಗ್ ಗುರುವಾಗಿದ್ದವನು ಪಾಲ್ ಸ್ಯಾಂಡ್‌ಬಿ. ಇಂಗ್ಲಿಷ್ ಜಲವರ್ಣ ಚಿತ್ರಕಲೆಯ ಪಿತಾಮಹರಲ್ಲಿ ಒಬ್ಬನೆಂದು ಅವನನ್ನು ಕರೆಯುತ್ತಾರೆ. 1780ರ ಸುಮಾರಿಗೆ ಲಂಡನ್ನಿನ ರೀವ್ಸ್ ಎಂಬ ವ್ಯಾಪಾರಿಗಳು ಬಣ್ಣವನ್ನು ಗಟ್ಟಿ ಬಿಲ್ಲೆಗಳನ್ನಾಗಿ ಮಾಡಿ ಮಾರತೊಡಗಿದರು. ಅದುವರೆಗೆ ಬಣ್ಣವನ್ನು ಅರೆದು ತಯಾರಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಈಗ ಕುಂಚವನ್ನು ಒದ್ದೆ ಮಾಡಿ ಬಿಲ್ಲೆಯ ಮೇಲೆ ಆಡಿಸಿದರೆ ಸಾಕು. ಎಣ್ಣೆಬಣ್ಣದ ಸರಂಜಾಮನ್ನು ಹೊತ್ತು ಬೆಟ್ಟ ಹತ್ತುವುದು ಕಷ್ಟ. ಈ ಪೆಟ್ಟಿಗೆಯಾದರೆ ಜೇಬಿನಲ್ಲಿಯೇ ಇರುತ್ತದೆ.

ಅವರು ಬರೆಯುತ್ತಿದ್ದ ಕ್ರಮವನ್ನು ಇಂದಿಗೂ ಡ್ರಾಯಿಂಗ್ ಮೇಷ್ಟ್ರುಗಳು ಕಲಿಸುತ್ತಾರೆ. ಮೊದಲು ಪೆನ್ಸಿಲಿನಲ್ಲಿ ತೆಳುವಾದ ಗೆರೆ. ಅದರ ಮೇಲೆ ಪೆನ್ನಿನ ಮಸಿ. ಆಮೇಲೆ ನೀರಿನಲ್ಲಿ ಕಲಸಿದ ಬೂದು ಬಣ್ಣದಿಂದ ನೆರಳು. ಕೊನೆಗೆ ಆಕಾಶದ ನೀಲಿ, ಮಣ್ಣಿನ ಕಂದು, ಮರದ ಹಸಿರು. ಸೈನಿಕರು ಬರೆದ ಹಾಳೆಗಳು ಲಂಡನ್ನಿಗೆ ಹೋಗಿ, ತಾಮ್ರದ ಫಲಕಗಳ ಮೇಲೆ ಕೆತ್ತಲ್ಪಟ್ಟು, ಅಚ್ಚಾಗಿ, ಶ್ರೀಮಂತರ ಮನೆಯ ಮೇಜುಗಳನ್ನು ಸೇರಿದವು. ನಂದಿದುರ್ಗ, ಸಾವನದುರ್ಗ, ಬೆಂಗಳೂರಿನ ಟಿಪ್ಪು ಅರಮನೆ, ಶ್ರೀರಂಗಪಟ್ಟಣದ ಹೈದರಾಲಿಯ ಗುಂಬಜ್ ಇವೆಲ್ಲವನ್ನೂ ಆ ಊರಿನ ಜನ ಮೊದಲು ನೋಡಿದ್ದು ಹೀಗೆ.

ಈ ಚಿತ್ರಗಳು ಸುಂದರವಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಬರೆದವರು ನಮ್ಮ ಕಟ್ಟಡಗಳನ್ನು ನಿಜವಾಗಿಯೂ ಮೆಚ್ಚಿದ್ದರು. ಆದರೆ ಅವರ ಮೆಚ್ಚುಗೆಯಿಂದ ಕಟ್ಟಡಗಳಿಗೆ ರಕ್ಷಣೆ ಸಿಗಲಿಲ್ಲ. 1792ರ ಫೆಬ್ರವರಿಯಲ್ಲಿ ಇದೇ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿದಾಗ, ಗುಂಬಜಿನ ಸುತ್ತಲಿದ್ದ ಲಾಲ್‌ಬಾಗ್ ತೋಟದ ಸಾಲು ಸಾಲು ಸೈಪ್ರೆಸ್ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿಕೊಂಡಿತು. ಒಂದೇ ಪಾಳೆಯದಲ್ಲಿ ಒಬ್ಬ ಆ ತೋಟದ ಚಿತ್ರ ಬರೆಯುತ್ತಿದ್ದ, ಇನ್ನೊಬ್ಬ ಅದಕ್ಕೆ ಕೊಡಲಿ ಹಾಕುತ್ತಿದ್ದ. ತೋಟದ ಪಕ್ಕದಲ್ಲಿದ್ದ ಅರಮನೆಯನ್ನೂ ಮುಂದೆ ಬಿಚ್ಚಲಾಯಿತು. ಅದರ ತೊಲೆಗಳು ನೀಲಗಿರಿ ಹತ್ತಿ, 1830ರ ಸುಮಾರಿಗೆ ಊಟಿಯಲ್ಲಿ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಆಧಾರವಾದವು. ಬೆಂಗಳೂರಿನ ಅರಮನೆಯಲ್ಲಿ ಇಂದು ಉಳಿದಿರುವುದೂ ಒಂದು ಭಾಗ ಮಾತ್ರ. ಅದು ಎಷ್ಟು ದೊಡ್ಡದಾಗಿತ್ತು ಎಂದು ತಿಳಿಯಬೇಕಾದರೆ ನಾವು ಹೋಮ್ ಮತ್ತು ಹಂಟರ್ ಅವರ ಹಾಳೆಗಳನ್ನೇ ನೋಡಬೇಕು.

ಇಲ್ಲಿ ನಮಗೆ ಒಂದು ಸಂಕಟವಿದೆ. ಒಡೆಯಲು ಬಂದವರ ಕೈಯಿಂದಲೇ ನಮ್ಮ ಕಟ್ಟಡಗಳ ನೆನಪು ನಮಗೆ ಸಿಕ್ಕಿದೆ. ಅದನ್ನು ಬೇಡವೆನ್ನಲೂ ಆಗುವುದಿಲ್ಲ, ಕೃತಜ್ಞತೆಯಿಂದ ತಲೆಬಾಗಲೂ ಆಗುವುದಿಲ್ಲ.

ಸರಪಳಿ ಹಿಡಿದು ಬಂದವರು

1799ರಲ್ಲಿ ಟಿಪ್ಪು ಸುಲ್ತಾನ ಹತನಾದ ಮೇಲೆ ಫಿರಂಗಿ ಹಿಂದಕ್ಕೆ ಸರಿದು ಅಳತೆಯ ಸರಪಳಿ ಮುಂದೆ ಬಂತು. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇ ಸುಮಾರು ಹತ್ತು ವರ್ಷ ನಡೆಯಿತು. ಅವನ ಜನ ಊರೂರು ತಿರುಗಿ ನಕ್ಷೆ ತೆಗೆದರು, ಶಾಸನಗಳನ್ನು ನಕಲು ಮಾಡಿದರು, ಗುಡಿಗೋಪುರಗಳ ಚಿತ್ರ ಬರೆದರು. ಈ ಕೆಲಸದಲ್ಲಿ ನಮ್ಮವರೂ ಇದ್ದರು. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಇವರಿಲ್ಲದೆ ಮೆಕೆಂಜಿಗೆ ಇಲ್ಲಿನ ಒಂದು ಕಲ್ಲೂ ಮಾತಾಡುತ್ತಿರಲಿಲ್ಲ. ಆದರೂ ಸಂಗ್ರಹಕ್ಕೆ ಉಳಿದ ಹೆಸರು ಮೆಕೆಂಜಿಯದು. ಕಾಗದಗಳಲ್ಲಿ ಬಹಳಷ್ಟು ಸಮುದ್ರ ದಾಟಿದವು. ಬರೆದ ಕೈಗಳಲ್ಲಿ ಎಷ್ಟೋ ಕೈಗಳಿಗೆ ಹೆಸರೇ ಇಲ್ಲ.

ಸರ್ಕಾರಿ ಅಳತೆ ಎಂದರೆ ಕಂದಾಯ, ಅಳತೆ ಎಂದರೆ ಜಮೀನು ಕೈತಪ್ಪುವುದು ಎಂಬ ಅನುಭವ ಹಳ್ಳಿಗರದು. ಅದು ಇಂದಿನವರೆಗೂ ಇಳಿದು ಬಂದಿದೆ. ಶಿಡ್ಲಘಟ್ಟದ ಚಾಚಾ ನಮ್ಮ ಪೆನ್ಸಿಲಿನಲ್ಲಿ ಕಂಡದ್ದು ಆ ಸರಪಳಿಯನ್ನೇ ಇರಬೇಕು.

ಬುಟ್ಟಿಯಲ್ಲಿ ಕುಳಿತ ಮುನ್ಸಿಫ್

ಆದರೆ ಎಲ್ಲ ಕಾಲದಲ್ಲೂ ಹೀಗೆಯೇ ಆಗಿದೆ ಎನ್ನುವಂತಿಲ್ಲ. ಉರ್ದು ಶಾಲೆಯಲ್ಲಿ ಓದಿದ ನಮಗೆ ಸರ್ ಸೈಯದ್ ಅಹ್ಮದ್ ಖಾನರ ಹೆಸರು ಚಿಕ್ಕಂದಿನಿಂದ ಗೊತ್ತು. ಅಲೀಗಢದ ಕಾಲೇಜು ಕಟ್ಟಿದವರು ಎಂದಷ್ಟೇ ಪಾಠದಲ್ಲಿತ್ತು. ಅದಕ್ಕೂ ಮೊದಲು, ಮೂವತ್ತರ ಹರೆಯದಲ್ಲಿ, ದೆಹಲಿಯಲ್ಲಿ ಮುನ್ಸಿಫರಾಗಿದ್ದಾಗ ಅವರು ಮಾಡಿದ ಕೆಲಸವನ್ನು ನಾವು ತಿಳಿದದ್ದು ಬಹಳ ತಡವಾಗಿ.

ರಜೆಯ ದಿನಗಳಲ್ಲಿ ಅವರು ದೆಹಲಿಯ ಹಾಳು ಕಟ್ಟಡಗಳ ನಡುವೆ ಅಲೆದರು. ಮಸೀದಿ, ಗೋರಿ, ಬಾವಿ, ಕೋಟೆ, ದೇವಾಲಯ ಯಾವುದನ್ನೂ ಬಿಡದೆ ಅಳೆದರು, ಶಾಸನಗಳನ್ನು ಇಳಿಸಿಕೊಂಡರು. ಕುತುಬ್ ಮಿನಾರಿನ ಎತ್ತರದ ಬರಹಗಳು ನೆಲದಿಂದ ಕಾಣದಿದ್ದಾಗ, ಕಟ್ಟಿಗೆಗಳ ನಡುವೆ ಬುಟ್ಟಿಯೊಂದನ್ನು ತೂಗುಹಾಕಿಸಿ, ಅದರಲ್ಲಿ ಕುಳಿತು ನಕಲು ಮಾಡಿದರು. ಕೆಳಗೆ ನಿಂತು ನೋಡುತ್ತಿದ್ದ ಗೆಳೆಯ, ಕವಿ ಇಮಾಮ್ ಬಖ್ಷ್ ಸಹಬಾಯಿಯವರ ಮುಖ ಭಯದಿಂದ ಬಿಳಿಚಿಕೊಳ್ಳುತ್ತಿತ್ತಂತೆ. ಇದನ್ನು ಹಾಲಿಯವರು ಸರ್ ಸೈಯದರ ಜೀವನಚರಿತ್ರೆಯಲ್ಲಿ ಹೇಳಿದ್ದಾರೆ. ಕಟ್ಟಡಗಳ ಚಿತ್ರಗಳನ್ನು ಬರೆದವರು ಫೈಜ್ ಅಲಿ ಖಾನ್ ಮತ್ತು ಮಿರ್ಜಾ ಶಾಹ್‌ರುಖ್ ಬೇಗ್ ಎಂಬ ಕಲಾವಿದರು. ನೂರಕ್ಕೂ ಹೆಚ್ಚು ಚಿತ್ರಗಳೊಂದಿಗೆ 'ಆಸಾರುಸ್ಸನಾದೀದ್' 1847ರಲ್ಲಿ ಹೊರಬಂತು.

ಹತ್ತೇ ವರ್ಷ. 1857ರ ದಂಗೆಯನ್ನು ಅಡಗಿಸಿದ ಇಂಗ್ಲಿಷರು ದೆಹಲಿಯ ಮೇಲೆ ಸೇಡು ತೀರಿಸಿಕೊಂಡರು. ಕೆಂಪುಕೋಟೆಯ ಒಳಗಿನ ಎಷ್ಟೋ ಕಟ್ಟಡಗಳು, ಹೊರಗಿನ ಮೊಹಲ್ಲಾಗಳು, ಅಕ್ಬರಾಬಾದಿ ಮಸೀದಿ ಎಲ್ಲವೂ ನೆಲಸಮವಾದವು. ಬುಟ್ಟಿಯ ಕೆಳಗೆ ಹೆದರಿ ನಿಂತಿದ್ದ ಸಹಬಾಯಿಯವರೂ ಆ ವರ್ಷ ಹತರಾದರು. ಬಿದ್ದುಹೋದ ದೆಹಲಿಯನ್ನು ಇಂದು ನಾವು ಹುಡುಕುವುದು ಆ ಪುಸ್ತಕದಲ್ಲಿ. ಬರೆಯುವಾಗ ಸರ್ ಸೈಯದರಿಗೆ ಮುಂದಾಗುವುದು ಗೊತ್ತಿರಲಿಲ್ಲ. ತಮ್ಮ ಊರು, ತಮ್ಮವರು ಕಟ್ಟಿದ್ದು, ದಾಖಲಾಗಲಿ ಎಂಬ ಪ್ರೀತಿ ಮಾತ್ರ ಇತ್ತು. ಅಲನ್, ಹಂಟರ್ ಅವರ ಹಾಳೆಗೂ ಈ ಹಾಳೆಗೂ ಇರುವ ಅಂತರ ಅಲ್ಲಿದೆ.

ಚಿತ್ರ ಬರೆಯಬಹುದೇ?

ನಮ್ಮ ಸಮಾಜದಲ್ಲಿ ಈ ವಿಷಯ ಎತ್ತಿದೊಡನೆ ಬರುವ ಪ್ರಶ್ನೆ ಇದು. ಜೀವಿಗಳ ಚಿತ್ರದ ಬಗ್ಗೆ ವಿದ್ವಾಂಸರ ನಡುವೆ ಇರುವ ಚರ್ಚೆಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಆದರೆ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಬಡಪಾಯಿ ಹಜ್ರತ್ ಇಬ್ನ್ ಅಬ್ಬಾಸರ ಬಳಿ ಬಂದಾಗ, ಬರೆಯಲೇಬೇಕಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆ ಎಂದು ಅವರು ದಾರಿ ತೋರಿದ ವಿಷಯ ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಕಟ್ಟಡದ ಚಿತ್ರಕ್ಕೆ ಅಂದಿನಿಂದಲೂ ಬಾಗಿಲು ತೆರೆದೇ ಇದೆ.

ಆ ಬಾಗಿಲಿನಿಂದ ದೂರ ನಡೆದವರೂ ಇದ್ದಾರೆ. 16ನೆಯ ಶತಮಾನದ ತುರ್ಕಿಯಲ್ಲಿ ಮತ್ರಕ್ಚಿ ನಸೂಹ್ ಎಂಬವನಿದ್ದ. ಗಣಿತಜ್ಞ, ಕತ್ತಿವರಸೆಯ ಉಸ್ತಾದ, ಸೈನಿಕ. ಸುಲ್ತಾನ್ ಸುಲೈಮಾನನ 1534-36ರ ಇರಾಕ್ ದಂಡಯಾತ್ರೆಯಲ್ಲಿ ಹೋಗಿ, ದಾರಿಯ ಊರುಗಳ ಚಿತ್ರಗಳಿರುವ ಗ್ರಂಥವೊಂದನ್ನು ರಚಿಸಿದ. ಇಸ್ತಾಂಬುಲ್, ತಬ್ರೀಜ್, ಬಗ್ದಾದ್ ಸೇರಿ ನೂರಕ್ಕೂ ಹೆಚ್ಚು ಚಿತ್ರಗಳು. ಮಸೀದಿ, ಸೇತುವೆ, ಕೋಟೆ, ಮನೆ, ನದಿ, ಮರ ಎಲ್ಲವೂ ಇವೆ. ಮನುಷ್ಯ ಮಾತ್ರ ಎಲ್ಲಿಯೂ ಇಲ್ಲ. ಆದರೂ ಊರು ಖಾಲಿ ಎನ್ನಿಸುವುದಿಲ್ಲ. ಜನ ಎಲ್ಲೋ ನಮಾಜಿಗೆ ಹೋಗಿದ್ದಾರೆ, ಈಗ ಬರುತ್ತಾರೆ ಎನ್ನಿಸುತ್ತದೆ. ಅವನೂ ಸೈನ್ಯದೊಂದಿಗೆ ಹೋದವನೇ ಎಂಬುದನ್ನು ನಾವು ಮುಚ್ಚಿಡಬಾರದು. ಅಳೆಯುವ ಕಣ್ಣು ಇಂಗ್ಲಿಷರಿಗೆ ಮಾತ್ರ ಇರಲಿಲ್ಲ.

ನಮ್ಮ ನಾಲ್ಕು ಊರು

ಈಗ ನಮ್ಮ ಸೀಮೆಗೆ ಬರೋಣ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳುವವರಿದ್ದಾರೆ.

ಚಿಕ್ಕಬಳ್ಳಾಪುರದ ಪಕ್ಕದ ನಂದಿ ಗ್ರಾಮದಲ್ಲಿ 9ನೆಯ ಶತಮಾನದಷ್ಟು ಹಳೆಯದಾದ ಭೋಗನಂದೀಶ್ವರ ದೇವಾಲಯವಿದೆ. ಅದರ ಕಲ್ಯಾಣ ಮಂಟಪದ ಕರಿಗಲ್ಲಿನ ಕಂಬಗಳಲ್ಲಿ ಬಳ್ಳಿ, ಗಿಳಿಗಳ ಕೆತ್ತನೆ ಎಷ್ಟು ನಯವೆಂದರೆ ಪೆನ್ನಿನ ಮೊನೆಯೂ ಅಲ್ಲಿ ದಪ್ಪವೆನಿಸುತ್ತದೆ. ಗೆಳೆಯರು ಒಂದು ಇಡೀ ಬೆಳಿಗ್ಗೆ ಒಂದೇ ಕಂಬದ ಮುಂದೆ ಕುಳಿತರು, ಮುಗಿಯಲಿಲ್ಲ. ಬೆಟ್ಟದ ಮೇಲೆ ಟಿಪ್ಪುವಿನ ಬೇಸಿಗೆ ಮನೆ ಇದೆ. ಅರಮನೆ ಎಂದು ಹೆಸರು, ನೋಡಿದರೆ ಕಮಾನುಗಳಿರುವ ಸಣ್ಣ ಎರಡಂತಸ್ತಿನ ಕಟ್ಟಡ. ಬೆಂಗಳೂರಿನಿಂದ ಬರುವ ಜೋಡಿಗಳು ಅದಕ್ಕೆ ಬೆನ್ನು ಹಾಕಿ ಮಂಜಿನ ಫೋಟೋ ತೆಗೆದುಕೊಳ್ಳುತ್ತಾರೆ.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ, ಅದೇ ಊರಿನಲ್ಲಿ ಮುಕ್ತೀಶ್ವರ ದೇವಾಲಯವೂ ಇದೆ. ದರ್ಗಾಕ್ಕೆ ಬರುವವರಲ್ಲಿ ಯಾವ ಜಾತಿಯವರಿಲ್ಲ ಎಂದು ಹೇಳುವುದು ಕಷ್ಟ. ಅಲ್ಲಿ ಕುಳಿತು ಬರೆಯುವಾಗ ನಮಗೆ ಜಲವರ್ಣದ ಒಂದು ಗುಟ್ಟು ಅರ್ಥವಾಯಿತು. ಈ ಪದ್ಧತಿಯಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತಾರೆ. ಸುಣ್ಣ ಬಳಿದ ಗೋಡೆಗೆ ನಾವು ಏನೂ ಮಾಡಬೇಕಾಗಿಲ್ಲ. ಸುತ್ತಲಿನ ನೆರಳನ್ನು ಸರಿಯಾಗಿ ಬರೆದರೆ ಗೋಡೆ ತಾನೇ ಬೆಳಗುತ್ತದೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜದ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಊರಿಗೆ ಹೆಸರು ಕೊಟ್ಟ ಪುರಾತನ ಅಶ್ವತ್ಥ ಮರ 2001ರಲ್ಲಿ ಉರುಳಿತು. ಸ್ಮಾರಕ ಈಗ ಇದೆ, ನಾಗರಕಲ್ಲುಗಳೂ ಇವೆ. ಆದರೆ ಆ ಮರದ ನೆರಳು ನೆಲದ ಮೇಲೆ ಎಲ್ಲಿಯವರೆಗೆ ಬೀಳುತ್ತಿತ್ತು ಎಂದು ಕೇಳಿದರೆ ಹಿರಿಯರು ಕೈ ಚಾಚಿ ತೋರಿಸುತ್ತಾರೆ, ಪ್ರತಿಯೊಬ್ಬರ ಕೈಯೂ ಬೇರೆ ಬೇರೆ ಕಡೆಗೆ ಹೋಗುತ್ತದೆ.

ಇನ್ನು ಶಿಡ್ಲಘಟ್ಟದ ರೇಷ್ಮೆಯವರ ಮನೆಗಳು. ಇವು ಯಾವ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೂ ಬರುವುದಿಲ್ಲ. ಮುಂದೆ ಜಗುಲಿ, ನಡುವೆ ಸಂಸಾರ, ಹಿಂದೆ ಒಲೆ, ಬಾಣಲೆ, ನೂಲು ಸುತ್ತುವ ರಾಟೆ. ಒಂದೇ ಸೂರಿನಡಿ ಮನೆಯೂ ಕಾರ್ಖಾನೆಯೂ. ಹೊಗೆ ಹೋಗಲು ಹೆಂಚಿನ ನಡುವೆ ಬಿಟ್ಟ ಸಂದು, ನೀರು ಹರಿಯಲು ಕಲ್ಲಿನ ಮೋರಿ, ಹಗಲಿನ ಬೆಳಕು ಸರಿಯಾಗಿ ಬಾಣಲೆಯ ಮೇಲೆ ಬೀಳುವಂತೆ ಇಟ್ಟ ಕಿಟಕಿ. ಯಾವ ಇಂಜಿನಿಯರೂ ಇದನ್ನು ಬರೆದುಕೊಟ್ಟಿರಲಿಲ್ಲ. ರೇಷ್ಮೆಯ ಎಳೆ ಕಣ್ಣಿಗೆ ಕಾಣಬೇಕು, ಹೊಗೆ ಮಕ್ಕಳ ಎದೆಗೆ ಹೋಗಬಾರದು ಎಂದು ಕಷ್ಟಪಟ್ಟು ಕಲಿತವರು ಕಟ್ಟಿಕೊಂಡದ್ದು. ಮಗ ದುಬೈಗೆ ಹೋಗಿ ಹಣ ಕಳಿಸಿದರೆ ಈ ಮನೆ ಮೊದಲು ಬೀಳುತ್ತದೆ. ಬೀಳಲಿ, ತಪ್ಪಲ್ಲ. ಸೋರುವ ಮಾಡಿನ ಕೆಳಗೆ ಇರು ಎಂದು ನಾವು ಯಾರಿಗೂ ಉಪದೇಶ ಮಾಡುವಂತಿಲ್ಲ. ಆದರೆ ಬೀಳುವ ಮುನ್ನ ಒಬ್ಬರಾದರೂ ಅದನ್ನು ಚೆನ್ನಾಗಿ ನೋಡಿರಬೇಕು.

ಫೋಟೋ ತೆಗೆದರೆ ಸಾಲದೇ ಎನ್ನಬಹುದು. ತೆಗೆಯಬೇಕು. ಆದರೆ ಫೋಟೋ ತೆಗೆಯಲು ಒಂದು ಕ್ಷಣ ಸಾಕು, ಚಿತ್ರಕ್ಕೆ ಎರಡು ಗಂಟೆ ಕೂರಬೇಕು. ಕುಳಿತಾಗ ಕಂಬ ಎಣಿಸುತ್ತೇವೆ, ಹೊಸ್ತಿಲು ಏಕೆ ಎತ್ತರ ಎಂದು ಯೋಚಿಸುತ್ತೇವೆ. ಮುಖ್ಯವಾಗಿ, ಜನ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಕಟ್ಟಡದೊಳಗಿನ ಕಥೆ ಆಗ ಹೊರಬರುತ್ತದೆ. 2007ರಲ್ಲಿ ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತ ಗೇಬ್ರಿಯಲ್ ಕಂಪಾನಾರಿಯೋ ಆರಂಭಿಸಿದ 'ಅರ್ಬನ್ ಸ್ಕೆಚರ್ಸ್' ಬಳಗ ಲೋಕದ ಎಷ್ಟೋ ನಗರಗಳಿಗೆ ಹಬ್ಬಿದೆ. ಬೆಂಗಳೂರಿನಲ್ಲಿಯೂ ರಜೆಯ ದಿನ ಗುಂಪಾಗಿ ಕುಳಿತು ಹಳೆಯ ಕಟ್ಟಡಗಳನ್ನು ಬರೆಯುವವರಿದ್ದಾರೆ. ಅವರು ನಂದಿಗೂ ಬರುತ್ತಾರೆ. ಬರಲಿ, ಸ್ವಾಗತ. ಆದರೆ ಶಿಡ್ಲಘಟ್ಟದ ಓಣಿಗೆ ಬೆಂಗಳೂರಿನಿಂದ ಯಾರು ಬರುತ್ತಾರೆ? ಅದು ಇಲ್ಲಿನ ಮಕ್ಕಳ ಕೆಲಸ. ಒಂದು ಬಣ್ಣದ ಪೆಟ್ಟಿಗೆ, ಒಂದು ದಪ್ಪ ಹಾಳೆಯ ಪುಸ್ತಕ, ನೀರಿಗೆ ಅಳಿಸದ ಮಸಿಯ ಒಂದು ಪೆನ್ನು ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ಉರ್ದು ಶಾಲೆಯ ಮಕ್ಕಳೂ ಕನ್ನಡ ಶಾಲೆಯ ಮಕ್ಕಳೂ ತಿಂಗಳಿಗೊಂದು ಭಾನುವಾರ ಒಟ್ಟಿಗೆ ಕುಳಿತು, ಒಂದು ಸಲ ಗುಡಿಯನ್ನು, ಒಂದು ಸಲ ಮಸೀದಿಯನ್ನು, ಒಂದು ಸಲ ತಮ್ಮದೇ ಓಣಿಯ ಮನೆಯನ್ನು ಬರೆಯಲಿ. ಒಂದು ಕಟ್ಟಡವನ್ನು ಎರಡು ಗಂಟೆ ಪ್ರೀತಿಯಿಂದ ನೋಡಿದ ಹುಡುಗ ಅದರ ಮೇಲೆ ಕಲ್ಲು ಎಸೆಯಲಾರ ಎಂಬ ಆಸೆ ನಮಗಿದೆ.

ಆ ದಿನ ಶಿಡ್ಲಘಟ್ಟದಲ್ಲಿ ಚಾಚಾ ಕೊನೆಗೆ ನಮ್ಮ ಪಕ್ಕದಲ್ಲಿ ಬಂದು ಕುಳಿತರು. ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ತಪ್ಪಿದೆ ಎಂದರು. ಕಂಬಗಳು ಎರಡಲ್ಲ, ಮೂರಂತೆ. ಅಣ್ಣ ತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದು, ಮೂರನೆಯ ಕಂಬ ಅದರೊಳಗೆ ಸೇರಿಹೋಯಿತಂತೆ. "ವೋ ಭೀ ಲಿಖೋ" ಎಂದರು. ಗೋಡೆ ಇರುವ ಜಾಗದಲ್ಲಿ, ಚುಕ್ಕಿ ಗೆರೆಯಲ್ಲಿ, ಅವರು ಬೆರಳಿಟ್ಟು ತೋರಿಸಿದ ಕಡೆ ನಾವು ಮೂರನೆಯ ಕಂಬವನ್ನು ಬರೆದೆವು. ಒಳಗಿನಿಂದ ಚಹಾ ಬಂತು. ಹೊರಡುವಾಗ ಅವರು ಕೇಳಿದ್ದು ಒಂದೇ ಮಾತು: ಇದರ ಒಂದು ನಕಲು ನನ್ನ ಅಣ್ಣನ ಮಕ್ಕಳಿಗೂ ಕೊಡುತ್ತೀರಾ?